ಮಳೆಗಾಲ ಕಂಡ ತಲೆಬಾಗಿಲಿಗೆ ಮತ್ತೆ ಎಣ್ಣೆ ಕುಡಿಸುವ ಬಗೆ

ಬೆಳಗಾವಿಯ ಹಳೆಯ ಮನೆಗಳ ತಲೆಬಾಗಿಲು ಬಹುತೇಕ ಸಾಗವಾನಿಯದು. ಖಾನಾಪುರ ಮತ್ತು ದಾಂಡೇಲಿಯ ಕಾಡುಗಳು ಹತ್ತಿರವಿದ್ದ ಊರಿಗೆ ಅದು ಸಹಜವಾಗಿ ಒದಗಿದ ಮರ. ಸಾಗವಾನಿಯೊಳಗೇ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಅದನ್ನು ಸುಲಭವಾಗಿ ಮುಟ್ಟುವುದಿಲ್ಲ, ನೀರಿಗೂ ಅದು ಬೇಗ ಬಾಗುವುದಿಲ್ಲ. ಆದರೂ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲೊಂದು ಹತ್ತಾರು ವರ್ಷ ಮಳೆಯ ಇರಚಲನ್ನೂ ಬಿಸಿಲನ್ನೂ ಉಂಡ ಮೇಲೆ ಅದರ ಹೊರಮೈ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಹಳೆಯ ವಾರ್ನಿಶ್ ಹಪ್ಪಳದಂತೆ ಏಳುತ್ತದೆ, ಕೆಳಗಿನ ಒಂದು ಗೇಣು ಕಪ್ಪಾಗುತ್ತದೆ. ಇಂಥ ಬಾಗಿಲನ್ನು ನೋಡಿ ಹೊಸದನ್ನು ಹಾಕಿಸಲು ಹೊರಡುವವರು ಒಮ್ಮೆ ಉಳಿಯ ಮೊನೆಯಿಂದ ಆ ಬೂದುಬಣ್ಣವನ್ನು ಕೆರೆದು ನೋಡಬೇಕು. ಕೂದಲೆಳೆಯಷ್ಟು ಕೆಳಗೆ ಹೊಂಬಣ್ಣದ ಗಟ್ಟಿ ಮರ ಹಾಗೆಯೇ ಇರುತ್ತದೆ. ಬಿಸಿಲು ಕೆಡಿಸುವುದು ಮೇಲ್ಮೈಯನ್ನು ಮಾತ್ರ.

ಈ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ದಿನಕ್ಕೆ ಎರಡು ಮೂರು ತಾಸು ಕೊಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಮುಗಿಯುತ್ತದೆ, ಅದರಲ್ಲಿ ಅರ್ಧ ದಿನಗಳು ಒಣಗಲು ಬಿಟ್ಟ ದಿನಗಳೇ ಆಗಿರುತ್ತವೆ. ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ಮಳೆ ಬಿಸಿಲು ನೇರವಾಗಿ ತಗಲುವ ಹೊರಮೈಗೆ ದಪ್ಪ ಪೊರೆಯಾಗಿ ಕೂರುವ ವಾರ್ನಿಶ್ ಬೇಡ, ಮರದೊಳಗೆ ಇಳಿಯುವ ಎಣ್ಣೆಯೇ ಇರಲಿ. ವಾರ್ನಿಶ್ ಮೊದಲ ವರ್ಷ ಕನ್ನಡಿಯಂತೆ ಹೊಳೆಯುತ್ತದೆ ನಿಜ, ಆದರೆ ಎಲ್ಲೋ ಒಂದು ಬಿರುಕಿನಿಂದ ನೀರು ಒಳಹೊಕ್ಕಿತೆಂದರೆ ಪೊರೆಯ ಕೆಳಗೇ ಸಿಕ್ಕಿಕೊಂಡು ಮರವನ್ನು ಕಪ್ಪಾಗಿಸುತ್ತದೆ. ಆಗ ಇಡೀ ಬಾಗಿಲನ್ನು ಮತ್ತೆ ಕೆರೆಯಬೇಕು. ಎಣ್ಣೆ ಮಾಸಿದರೆ ತೊಳೆದು, ಒರೆಸಿ, ಇನ್ನೊಂದು ಕೈ ಎಣ್ಣೆ ಹಚ್ಚಿದರಾಯಿತು.

ಕಾಲ

ಬೆಳಗಾವಿ ನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಗಾಳಿಯ ತೇವವನ್ನು ಹೀರಿಕೊಂಡು ಉಬ್ಬಿರುತ್ತದೆ. ಉಬ್ಬುವುದು ಎಳೆಯ ಅಡ್ಡಕ್ಕೆ ಮಾತ್ರ, ಉದ್ದಕ್ಕೆ ಅಲ್ಲ. ಆದ್ದರಿಂದಲೇ ಆ ದಿನಗಳಲ್ಲಿ ಕದ ಚೌಕಟ್ಟಿಗೆ ಸಿಕ್ಕಿಕೊಂಡು ಹೆಗಲು ಕೊಟ್ಟು ನೂಕಬೇಕಾಗುತ್ತದೆ. ಈ ಹೊತ್ತಿನಲ್ಲಿ ಅಂಚಿಗೆ ರಂದಾ ಹಿಡಿಯುವುದು ದೊಡ್ಡ ತಪ್ಪು. ಒಂದು ಜುಲೈನಲ್ಲಿ ನಾನು ಅವಸರದಿಂದ ಹಾಗೆ ಮಾಡಿದ್ದೆ. ಫೆಬ್ರವರಿಗೆ ಮರ ಕುಗ್ಗಿದಾಗ ಕದ ಮತ್ತು ಚೌಕಟ್ಟಿನ ನಡುವೆ ಕಿರುಬೆರಳು ತೂರುವಷ್ಟು ಸಂದು ಉಳಿಯಿತು, ಕಡೆಗೆ ಅಂಚಿಗೆ ಮರದ ಪಟ್ಟಿ ಅಂಟಿಸಬೇಕಾಯಿತು. ಸಿಕ್ಕಿಕೊಳ್ಳುವ ಜಾಗವನ್ನು ಮಳೆಗಾಲದಲ್ಲಿ ಸೀಸಕಡ್ಡಿಯಿಂದ ಗುರುತು ಮಾಡಿಟ್ಟು, ಒಣ ದಿನಗಳಲ್ಲಿ ಆ ಗುರುತಿನಷ್ಟೇ ತೆಳುವಾಗಿ ತೆಗೆಯುವುದು ಸರಿ.

ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯವರೆಗಿನ ಅವಧಿ ಬೆಳಗಾವಿಗೆ ಒಳ್ಳೆಯದು. ಬೆಳಗಿನ ಮಂಜು ಆರುವವರೆಗೆ, ಅಂದರೆ ಸುಮಾರು ಹತ್ತು ಗಂಟೆಯವರೆಗೆ, ಎಣ್ಣೆ ಮುಟ್ಟಬಾರದು. ವಿಜಯಪುರ ಮತ್ತು ಬಾಗಲಕೋಟೆಯ ಕಡೆ ಮಳೆ ಬೆಳಗಾವಿಯ ಅರ್ಧದಷ್ಟೇ ಬೀಳುವುದರಿಂದ ಅಲ್ಲಿ ತೇವದ ಚಿಂತೆ ಕಡಿಮೆ, ಬಿಸಿಲಿನ ಚಿಂತೆ ಹೆಚ್ಚು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹಚ್ಚಿದ ಎಣ್ಣೆ ಒಳಗೆ ಇಳಿಯುವ ಮೊದಲೇ ಮೇಲೆ ಕೆನೆಗಟ್ಟುತ್ತದೆ. ಅಲ್ಲಿ ಬೆಳಿಗ್ಗೆಯೇ, ನೆರಳಿನಲ್ಲಿಯೇ ಈ ಕೆಲಸವಾಗಬೇಕು. ಆಲಮಟ್ಟಿ ಹಿನ್ನೀರಿನಿಂದ ಬಾಗಲಕೋಟೆಯ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ ಯಾರಾದರೂ ಹಳೆಯ ಮನೆಯ ಬಾಗಿಲನ್ನೇ ಹೊಸ ಗೋಡೆಗೆ ಕೂಡಿಸಿಕೊಂಡಿದ್ದರೆ, ಅದು ಈಗ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಗಮನಿಸಬೇಕು. ಓಣಿಯ ನೆರಳಿನಲ್ಲಿ ನೂರು ವರ್ಷ ನಿಂತ ಮರ ಪಡುವಣ ಬಿಸಿಲಿಗೆ ನಿಂತರೆ ಅದರ ಆರೈಕೆಯೂ ಬದಲಾಗಬೇಕಾಗುತ್ತದೆ.

ಕೆರೆಯುವ ಮೊದಲು ನೋಡಬೇಕಾದದ್ದು

ಬಾಗಿಲು ಗಟ್ಟಿ ಮರದ್ದೋ, ಪ್ಲೈವುಡ್ ಮೇಲೆ ಸಾಗವಾನಿಯ ತೆಳು ಹಾಳೆ ಅಂಟಿಸಿದ್ದೋ ಎಂಬುದನ್ನು ಮೊದಲು ತಿಳಿಯಬೇಕು. ಕದದ ಮೇಲಿನ ಅಂಚನ್ನು ಕುರ್ಚಿ ಹತ್ತಿ ನೋಡಿದರೆ ಪದರಗಳು ಕಾಣುತ್ತವೆ. ಹಾಳೆಯ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ, ಯಂತ್ರದಿಂದ ಉಜ್ಜಿದರೆ ನಿಮಿಷದಲ್ಲಿ ಹರಿದುಹೋಗುತ್ತದೆ. ಅಂಥ ಬಾಗಿಲಿಗೆ ಕೈಯಿಂದ ಹಗುರವಾಗಿ ಉಜ್ಜುವುದನ್ನು ಬಿಟ್ಟು ಮುಂದೆ ಹೇಳುವ ಯಾವುದನ್ನೂ ಮಾಡಬೇಡಿ.

ಎರಡನೆಯದು ಹಳೆಯ ಬಣ್ಣ. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದೆ ಬಳಿದ ಆಯಿಲ್ ಪೇಂಟ್, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳು, ಸೀಸದವೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಇಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿಯ ಉರಿ ಹಿಡಿದು ಸುಡಲೂಬಾರದು. ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾದ ಮೇಲೆ ಕೆರೆದು, ಉಳಿದದ್ದನ್ನು ನೀರು ಹಚ್ಚಿದ ವಾಟರ್ ಪೇಪರಿನಿಂದ ಉಜ್ಜಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿದ್ದ ಚಕ್ಕೆಗಳನ್ನೆಲ್ಲ ಅದರಲ್ಲೇ ಸುತ್ತಿ ಕಟ್ಟಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನ ಹಿತ್ತಲ ಬಾಗಿಲಿನಿಂದ ಓಡಾಡಿಸುವುದು ಒಳ್ಳೆಯದು.

ಮೂರನೆಯದು ಹುಳುಕು. ಕದದ ಬುಡದಲ್ಲಿಯೂ ಚೌಕಟ್ಟು ಗೋಡೆಯನ್ನು ಸೇರುವ ಸಂದಿನಲ್ಲಿಯೂ ದಬ್ಬಳ ಚುಚ್ಚಿ ನೋಡಬೇಕು. ಗಟ್ಟಿ ಮರದಲ್ಲಿ ದಬ್ಬಳ ನಿಲ್ಲುತ್ತದೆ, ಕೊಳೆತ ಮರದಲ್ಲಿ ಬೆಣ್ಣೆಯೊಳಗೆ ಹೋದಂತೆ ಇಳಿಯುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಮೊದಲು ಅದರ ಮದ್ದಾಗಬೇಕು, ಹೊಳಪಿನ ಮಾತು ಆಮೇಲೆ.

ಬಿಚ್ಚುವುದು ಮತ್ತು ತೊಳೆಯುವುದು

ಚಿಲಕ, ಕೊಂಡಿ, ಹಿಡಿಕೆ, ಹಿತ್ತಾಳೆಯ ಹೂವುಗಳು ಬಿಚ್ಚಿ ಬರುವಂತಿದ್ದರೆ ಬಿಚ್ಚಿ, ಪ್ರತಿಯೊಂದರ ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ ಹೆಸರು ಬರೆದಿಡಿ. ಬರದಿದ್ದರೆ ಬಲವಂತ ಮಾಡಬೇಡಿ, ಹಳೆಯ ಹಿತ್ತಾಳೆ ಮುರಿದರೆ ಅದೇ ಅಚ್ಚಿನದು ಮತ್ತೆ ಸಿಗುವುದು ಕಷ್ಟ. ಸುತ್ತಲೂ ಟೇಪ್ ಅಂಟಿಸಿದರೆ ಸಾಕು. ಬಿಚ್ಚಿದ ಹಿತ್ತಾಳೆಗೆ ಹುಣಸೆಹಣ್ಣು ಗೊತ್ತಿದ್ದದ್ದೇ.

ಕದವನ್ನು ಬಿಜಾಗರಿಯಿಂದ ಕಳಚಿ ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿಸಿದರೆ ಕೆಲಸ ಸಲೀಸು. ಆದರೆ ತಲೆಬಾಗಿಲಿಲ್ಲದೆ ರಾತ್ರಿ ಕಳೆಯಲಾಗದು. ಎರಡು ಕದದ ಬಾಗಿಲಾದರೆ ಒಂದೊಂದನ್ನೇ ಬೆಳಿಗ್ಗೆ ಕಳಚಿ ಸಂಜೆ ಕೂಡಿಸಬಹುದು. ಒಂದೇ ಕದವಾದರೆ ನಿಂತಲ್ಲಿಯೇ ಮಾಡಿ, ಕೆಳ ಅಂಚಿನ ಕೆಲಸಕ್ಕಾಗಿ ಮಾತ್ರ ಒಂದು ದಿನ ಬಡಿಗೇರನ ಸಹಾಯದಿಂದ ಇಳಿಸಿಕೊಳ್ಳಿ. ಹಳೆಯ ಸಾಗವಾನಿ ಕದವನ್ನು ಒಬ್ಬರೇ ಎತ್ತಬಾರದು.

ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು ಅಥವಾ ಅಂಟವಾಳದ ನೀರು, ಒಂದು ನಾರಿನ ಬ್ರಶ್ ಸಾಕು. ಕೆತ್ತನೆಯ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶೂ ಬಿದಿರಿನ ಸೀಳಿದ ಕಡ್ಡಿಯೂ ಬೇಕು. ಕಬ್ಬಿಣದ ತಂತಿಯ ಬ್ರಶ್ ಬಳಸಲೇಬಾರದು. ಅದರ ಪುಡಿ ಎಳೆಗಳಲ್ಲಿ ಉಳಿದು, ಮರದ ಒಗರಿನೊಂದಿಗೆ ಸೇರಿ, ಮುಂದಿನ ಮಳೆಗೆ ಶಾಯಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಾಗುತ್ತವೆ. ಹಳೆಯ ಮೊಳೆಗಳ ಸುತ್ತ ಕಾಣುವ ಕರಿಬಣ್ಣಕ್ಕೂ ಇದೇ ಕಾರಣ.

ಕಪ್ಪಾದ ಜಾಗಗಳೆಲ್ಲ ಒಂದೇ ಬಗೆಯವಲ್ಲ. ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಹನಿಯನ್ನು ಅಲ್ಲಿ ಇಟ್ಟು ಐದು ನಿಮಿಷ ನೋಡಿ: ಕಪ್ಪು ಮಾಯವಾದರೆ ಅದು ಬೂಷ್ಟು, ಹಾಗೆಯೇ ಉಳಿದರೆ ಕಬ್ಬಿಣದ ಕಲೆ ಅಥವಾ ಕೊಳೆ. ಬೂಷ್ಟಿಗೆ ನೀರು ಬೆರೆಸಿದ ಬ್ಲೀಚೇ ಸಾಕು. ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲ ಬೇಕು. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಕಲೆಯ ಮೇಲಷ್ಟೇ ಅಲ್ಲದೆ ಇಡೀ ಹಲಗೆಗೆ ಸಮವಾಗಿ ಹಚ್ಚಿ, ಕಾಲು ಗಂಟೆಯ ನಂತರ ಎರಡು ಮೂರು ಸಲ ಶುದ್ಧ ನೀರಿನಿಂದ ತೊಳೆಯಬೇಕು. ಕಲೆಯ ಮೇಲೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿಯ ಮಚ್ಚೆ ಉಳಿಯುತ್ತದೆ. ಇದು ವಿಷದ ಪದಾರ್ಥ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲೇಬೇಕು. ಬ್ಲೀಚ್ ಮತ್ತು ಆಮ್ಲವನ್ನು ಎಂದಿಗೂ ಒಂದರ ಮೇಲೊಂದು ಹಾಕಬಾರದು, ಅವು ಕೂಡಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಒಂದನ್ನು ಬಳಸಿದ ದಿನ ಚೆನ್ನಾಗಿ ತೊಳೆದು, ಮರ ಪೂರ್ತಿ ಒಣಗಿದ ಮೇಲೆ ಬೇರೆ ದಿನ ಇನ್ನೊಂದನ್ನು ಬಳಸಿ.

ಹೊಸ್ತಿಲು

ಹೊಸ್ತಿಲಿನ ಸಮಸ್ಯೆ ಬಿಸಿಲಲ್ಲ, ಪೂಜೆಯ ಅರಿಶಿನ, ಕುಂಕುಮ ಮತ್ತು ಎಣ್ಣೆ. ವರ್ಷಗಟ್ಟಲೆ ಇಳಿದ ಆ ಜಿಡ್ಡಿನ ಮೇಲೆ ಯಾವ ಪಾಲಿಶೂ ನಿಲ್ಲುವುದಿಲ್ಲ. ಇದನ್ನು ತೆಗೆಯಲು ಅನೇಕರು ವಾಷಿಂಗ್ ಸೋಡಾ ಹಾಕಿ ಉಜ್ಜುತ್ತಾರೆ, ಕೂಡಲೇ ಹೊಸ್ತಿಲು ರಕ್ತದಂತೆ ಕೆಂಪಾಗಿ ಗಾಬರಿಯಾಗುತ್ತಾರೆ. ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೇ ಇಲ್ಲಿಯೂ ಆಗಿರುತ್ತದೆ: ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಿಳಿ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎಳೆಯ ಉದ್ದಕ್ಕೆ ಒರೆಸುತ್ತ, ಬಟ್ಟೆ ಹಳದಿಯಾದೊಡನೆ ಬದಲಿಸುತ್ತ ಹೋದರೆ ಜಿಡ್ಡೂ ಬಣ್ಣವೂ ಒಟ್ಟಿಗೆ ಬರುತ್ತವೆ. ಉಳಿದ ತಿಳಿಹಳದಿಯನ್ನು ಬಿಸಿಲಿಗೆ ಬಿಡಿ. ಬೆಳಕಿಗೆ ಅರಿಶಿನ ತಾನಾಗಿಯೇ ಮಾಸುತ್ತದೆ, ನಾಲ್ಕಾರು ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಸ್ಪಿರಿಟ್ ಬಳಸುವಾಗ ಹತ್ತಿರ ದೀಪ, ಊದುಬತ್ತಿ ಉರಿಯುತ್ತಿರಬಾರದು.

ಈ ಕೆಲಸಕ್ಕೆ ಕೈ ಹಾಕುವ ಮೊದಲು ಮನೆಯ ಹಿರಿಯರನ್ನು ಕೇಳುವುದು ಉಚಿತ. ಶುಕ್ರವಾರವೋ ಅಮಾವಾಸ್ಯೆಯೋ ಹತ್ತಿರವಿದ್ದರೆ ಹೊಸ್ತಿಲನ್ನು ಕೊನೆಗೆ ಇಟ್ಟುಕೊಂಡು ಕದ ಮತ್ತು ಚೌಕಟ್ಟಿನ ಕೆಲಸ ಮೊದಲು ಮುಗಿಸಬಹುದು. ನಮ್ಮ ಮನೆಯಲ್ಲಿ ಅವ್ವ ಹೊಸ್ತಿಲಿನ ಎರಡು ತುದಿಗೆ ಮಾತ್ರ, ನೀರಿನಲ್ಲಿ ಕಲಸಿದ ಅರಿಶಿನ ಹಚ್ಚುವುದಕ್ಕೆ ಒಪ್ಪಿದ ಮೇಲೆ ನಡುವಿನ ಭಾಗ ಹಲವು ವರ್ಷಗಳಿಂದ ಚೊಕ್ಕಟವಾಗಿ ಉಳಿದಿದೆ.

ಹಳೆಯ ಪೊರೆ ತೆಗೆದು ಉಜ್ಜುವುದು

ಮೊದಲು ಹಳೆಯ ಪಾಲಿಶ್ ಯಾವುದೆಂದು ಮೂಲೆಯಲ್ಲಿ ಪರೀಕ್ಷಿಸಿ. ಸ್ಪಿರಿಟ್ ಒರೆಸಿದಾಗ ಅಂಟಂಟಾಗಿ ಕರಗಿದರೆ ಅದು ಅರಗಿನ ಫ್ರೆಂಚ್ ಪಾಲಿಶ್, ಸ್ಪಿರಿಟ್ಟಿನಿಂದಲೇ ಪೂರ್ತಿ ತೆಗೆಯಬಹುದು. ಕರಗದಿದ್ದರೆ ವಾರ್ನಿಶ್ ಅಥವಾ ಆಯಿಲ್ ಪೇಂಟ್ ಆಗಿರುತ್ತದೆ, ಅದಕ್ಕೆ ರಿಮೂವರ್ ಬೇಕು. ಒಂದೊಂದು ಹಲಗೆಗೆ ದಪ್ಪನಾಗಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮೊಂಡಾದ ಕೆರೆಯುವ ಪಟ್ಟಿಯಿಂದ ಎಳೆಯ ಉದ್ದಕ್ಕೆ ತೆಗೆಯಿರಿ. ಇದರ ಹಬೆ ಬಹಳ ತೀಕ್ಷ್ಣ, ಪಡಸಾಲೆಯೊಳಗೆ ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸವಲ್ಲ. ಕಾಸ್ಟಿಕ್ ಸೋಡಾ ಅಗ್ಗವೆಂದು ಕೆಲವರು ಸೂಚಿಸುತ್ತಾರೆ. ಸಾಗವಾನಿಗೆ ಅದನ್ನು ನಾನು ಒಪ್ಪುವುದಿಲ್ಲ, ಅದು ಮರವನ್ನು ಕಂದಿಸಿ ಎಳೆಗಳನ್ನು ಎಬ್ಬಿಸುತ್ತದೆ.

ಪೊರೆ ಹೋದ ಮೇಲೆ ಉಜ್ಜುವ ಸರದಿ. ಪಾಲಿಶ್ ಪೇಪರ್ 80 ನಂಬರಿನಿಂದ ಶುರುಮಾಡಿ ಬೂದುಬಣ್ಣ ಪೂರ್ತಿ ಹೋಗುವವರೆಗೆ ಉಜ್ಜಿ, ಆಮೇಲೆ 120ಕ್ಕೆ ಬನ್ನಿ. ಹೊರಮೈಯನ್ನು ಅಲ್ಲಿಗೇ ನಿಲ್ಲಿಸಬೇಕು. ಅತಿ ನಯವಾದ ಮೇಲ್ಮೈಗೆ ಎಣ್ಣೆ ಕಡಿಮೆ ಇಳಿಯುತ್ತದೆ. ಒಳಮೈಗೆ 180 ಮತ್ತು 220 ಹಿಡಿಯಬಹುದು. ಪ್ರತಿ ನಂಬರಿನ ಕೆಲಸ ಹಿಂದಿನ ನಂಬರಿನ ಗೀರುಗಳನ್ನು ಅಳಿಸುವುದು, ಆದ್ದರಿಂದ ನಡುವೆ ಒಂದನ್ನು ಹಾರಿಸಿದರೆ ಎಣ್ಣೆ ಬಿದ್ದ ಕೂಡಲೇ ಆ ಗೀರುಗಳೆಲ್ಲ ಎದ್ದು ಕಾಣುತ್ತವೆ. ಉಜ್ಜುವಿಕೆ ಯಾವಾಗಲೂ ಎಳೆಯ ಉದ್ದಕ್ಕೆ. ಕದದ ನಡುಪಟ್ಟಿ ಅಡ್ಡ ಮರವಾಗಿರುವಲ್ಲಿ ಕೈಯ ದಿಕ್ಕೂ ಅಡ್ಡಕ್ಕೆ ತಿರುಗಬೇಕು. ಸಾಗವಾನಿಯ ಧೂಳು ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಮೂಗಿಗೆ ಮಾಸ್ಕ್ ಮತ್ತು ಪೂರ್ತಿ ತೋಳಿನ ಅಂಗಿ ಇರಲಿ.

ಕೊಳೆತ ಬುಡ ಅಂಗೈಯಷ್ಟಿದ್ದರೆ ಪುಟ್ಟಿ ತುಂಬಿ ಮರೆಮಾಡಬೇಡಿ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಜಾತಿಯ ಹಳೆಯ ಮರದ ತೇಪೆಯನ್ನು ಎಳೆಯ ದಿಕ್ಕು ಕೂಡುವಂತೆ ಕೂರಿಸಿ, ನೀರು ತಡೆಯುವ ಅಂಟಿನಿಂದ ಅಂಟಿಸಬೇಕು. ಇದು ಬಡಿಗೇರರ ಕೈಗೆ ಒಪ್ಪಿಸಬೇಕಾದ ಕೆಲಸ. ಬೀದಿಯ ಮೂಲೆಯ ಕೆಲಸಗಾರರು ಒಂದು ಮಧ್ಯಾಹ್ನದಲ್ಲಿ ಮಾಡುತ್ತಾರೆ. ಸಣ್ಣ ಬಿರುಕುಗಳಿಗೆ ಉಜ್ಜಿದಾಗ ಬಿದ್ದ ಅದೇ ಬಾಗಿಲಿನ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರೆ ಬಣ್ಣ ಸರಿಸುಮಾರು ಹೊಂದುತ್ತದೆ.

ಇನ್ನು ಒಣಗುವುದು. ತೊಳೆದ ಮೇಲೆ ಕನಿಷ್ಠ ಮೂರು ನಾಲ್ಕು ಒಣ ದಿನಗಳು ಬೇಕು. ಅನುಮಾನವಿದ್ದರೆ ಅಂಗೈ ಅಗಲದ ಪ್ಲಾಸ್ಟಿಕ್ ತುಂಡನ್ನು ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು.

ಎಣ್ಣೆ

ಅಗಸಿ ನಮ್ಮ ಹೊಲಗಳ ಬೆಳೆ, ಚಟ್ನಿಪುಡಿಯಾಗಿ ರೊಟ್ಟಿಯ ಜೊತೆ ತಿನ್ನುವ ಅದೇ ಅಗಸಿಯ ಎಣ್ಣೆ ಮರಕ್ಕೂ ಹಳೆಯ ಒಡನಾಡಿ. ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುವ ಎಣ್ಣೆ. ಶೇಂಗಾ ಎಣ್ಣೆಗಾಗಲಿ ಕೊಬ್ಬರಿ ಎಣ್ಣೆಗಾಗಲಿ ಈ ಗುಣವಿಲ್ಲ, ಅವು ಮರದಲ್ಲಿ ಹಸಿಯಾಗಿಯೇ ಉಳಿದು ಧೂಳು ಹಿಡಿಯುತ್ತವೆ. ಗಾಣದ ಹಸಿ ಅಗಸಿ ಎಣ್ಣೆ ಒಣಗಲು ವಾರಗಳೇ ಬೇಕಾಗುವುದರಿಂದ ಪೇಂಟಿನ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಎಣ್ಣೆಯನ್ನೇ ತರಬೇಕು. ಅದು ತಿನ್ನುವುದಕ್ಕಲ್ಲ, ಅಡುಗೆಮನೆಯಿಂದ ದೂರವಿಡಿ. ವಿಜಯಪುರ, ಬಾಗಲಕೋಟೆಯ ಒಣ ಹವೆಗೆ ಇದು ಚೆನ್ನಾಗಿ ಹೊಂದುತ್ತದೆ. ಬೆಳಗಾವಿಯ ಮಳೆಗೆ ನೇರವಾಗಿ ಸಿಗುವ ಬಾಗಿಲಿಗೆ ಬರಿಯ ಅಗಸಿ ಎಣ್ಣೆ ಸಾಲದು, ತೇವದಲ್ಲಿ ಬೂಷ್ಟು ಅದನ್ನೇ ಉಂಡು ಬೆಳೆಯುತ್ತದೆ. ಅಲ್ಲಿಗೆ ಬೂಷ್ಟುನಿರೋಧಕ ಬೆರೆತ, ಹೊರಾಂಗಣಕ್ಕೆಂದೇ ತಯಾರಿಸಿದ ವುಡ್ ಆಯಿಲ್ ಕೊಳ್ಳಿ. ಪೂರ್ತಿ ನಿರ್ವರ್ಣದ್ದಕ್ಕಿಂತ ತುಸು ಕಂದು ಬಣ್ಣ ಬೆರೆತದ್ದು ಬಿಸಿಲನ್ನು ಹೆಚ್ಚು ತಡೆಯುತ್ತದೆ. ಮೆಲಮೈನ್ ಮತ್ತು ಫ್ರೆಂಚ್ ಪಾಲಿಶ್ ಒಳಮೈಗೆ ಮಾತ್ರ.

ಸಾಗವಾನಿಯ ಸ್ವಂತ ಎಣ್ಣೆ ಮೇಲ್ಮೈಗೆ ಬಂದಿರುವುದರಿಂದ ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಿ, ಅದು ಆರಲು ಬಿಡಿ. ಅಗಸಿ ಎಣ್ಣೆಯಾದರೆ ಮೊದಲ ಕೈಗೆ ಅಷ್ಟೇ ಪ್ರಮಾಣದ ಟರ್ಪೆಂಟೈನ್ ಬೆರೆಸಬೇಕು. ಎರಡನೆಯ ಕೈಗೆ ಮೂರು ಪಾಲು ಎಣ್ಣೆಗೆ ಒಂದು ಪಾಲು, ಮೂರನೆಯದಕ್ಕೆ ಬರಿಯ ಎಣ್ಣೆ. ಬಟ್ಟೆಯಿಂದ ಎಳೆಯ ಉದ್ದಕ್ಕೆ ತಿಕ್ಕಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಈ ಒರೆಸುವುದನ್ನು ಬಿಡುವುದರಿಂದಲೇ ಹೆಚ್ಚಿನ ಬಾಗಿಲುಗಳು ಕೆಡುತ್ತವೆ. ಮೇಲೆ ನಿಂತ ಎಣ್ಣೆ ತಿಂಗಳಾದರೂ ಕೈಗೆ ಅಂಟುತ್ತದೆ. ಹಾಗಾಗಿದ್ದರೆ ಟರ್ಪೆಂಟೈನ್ ಬಟ್ಟೆಯಿಂದ ಉಜ್ಜಿ ತೆಗೆದು ಮತ್ತೆ ತೆಳುವಾಗಿ ಹಚ್ಚಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ಕನಿಷ್ಠ ಒಂದು ಇಡೀ ದಿನದ ಅಂತರವಿರಲಿ. ಸಾಮಾನ್ಯ ಅಳತೆಯ ಕದದ ಎರಡೂ ಮೈ, ಚೌಕಟ್ಟು ಸೇರಿ ಮೂರು ಕೈಗೆ ಒಂದರಿಂದ ಒಂದೂವರೆ ಲೀಟರ್ ಎಣ್ಣೆ ಹಿಡಿಯುತ್ತದೆ.

ಕದದ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮರೆಯಬಾರದು. ಮರ ನೀರನ್ನು ಹೆಚ್ಚು ಹೀರುವುದು ಕತ್ತರಿಸಿದ ತುದಿಯಿಂದ, ಅಲ್ಲಿ ಎಳೆಗಳು ಸಣ್ಣ ಕೊಳವೆಗಳಂತೆ ತೆರೆದಿರುತ್ತವೆ. ಹೊರಮೈಗೆ ಎಷ್ಟು ಸಲ ಬಣ್ಣ ಕಂಡ ಬಾಗಿಲಾದರೂ ಅದರ ಕೆಳ ಅಂಚಿನಡಿ ಒಂದು ಸಣ್ಣ ಕನ್ನಡಿ ಹಿಡಿದು ನೋಡಿದರೆ ಬರಿಯ ಮರವೇ ಕಾಣುವುದು ಹೆಚ್ಚು. ಬುಡ ಕೊಳೆಯುವುದಕ್ಕೆ ಇದೇ ದಾರಿ. ಕದ ಇಳಿಸಿದ ದಿನ ಆ ಅಂಚಿಗೆ, ಮರ ಇನ್ನು ಕುಡಿಯುವುದಿಲ್ಲ ಎನ್ನುವವರೆಗೆ, ಹತ್ತು ಹತ್ತು ನಿಮಿಷಕ್ಕೊಮ್ಮೆ ಎಣ್ಣೆ ಹಚ್ಚುತ್ತಲೇ ಇರಿ.

ಎಣ್ಣೆ ಒರೆಸಿದ ಬಟ್ಟೆಗಳ ಬಗ್ಗೆ ಒಂದು ಎಚ್ಚರಿಕೆ ಅತ್ಯಗತ್ಯ. ಅಗಸಿ ಎಣ್ಣೆ ಒಣಗುವಾಗ ಶಾಖ ಹೊರಡುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿ, ಬೆಂಕಿಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಪ್ರತಿ ದಿನದ ಕೆಲಸ ಮುಗಿದೊಡನೆ ಅವುಗಳನ್ನು ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ, ಇಲ್ಲವೆ ಅಂಗಳದ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ ಬಿರುಸಾಗುವವರೆಗೆ ಒಣಗಿಸಿ.

ಕೊನೆಯ ಕೈ ಹಚ್ಚಿ ಒಂದು ವಾರ ಕಳೆಯುವವರೆಗೆ ಹೊಸ್ತಿಲಿಗೆ ರಂಗೋಲಿ, ಅರಿಶಿನ ಬೇಡ, ತೋರಣದ ಮೊಳೆಯನ್ನೂ ಹೊಡೆಯಬೇಡಿ. ಮುಂದೆ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಹೊರಮೈಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿಗಳು ಮಣಿಗಳಂತೆ ನಿಂತರೆ ಆ ವರ್ಷ ಏನೂ ಬೇಡ. ಹರಡಿ ಮರ ಕಪ್ಪಾದರೆ ತೊಳೆದು, ಒಣಗಿಸಿ, ಒಂದು ತೆಳು ಕೈ ಹಚ್ಚಬೇಕು, ಒಣಗಲು ಬಿಟ್ಟ ದಿನಗಳನ್ನು ಬಿಟ್ಟರೆ ಅದು ಒಂದು ಬೆಳಗಿನ ಕೆಲಸ. ಅದಕ್ಕಾಗಿ ಉಳಿದ ಎಣ್ಣೆಯನ್ನು ಚಿಕ್ಕ ಬಾಟಲಿಗೆ ಸುರಿದು, ಮೇಲೆ ಗಾಳಿ ಉಳಿಯದಂತೆ ತೊಳೆದು ಒಣಗಿಸಿದ ಸಣ್ಣ ಹರಳುಗಳನ್ನು ಹಾಕಿ ಬಾಯಿವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ, ತಾರೀಖು ಬರೆದು ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.